ಬ್ಯಾಣಕ್ಕೆ ಯಂತ್ರ ಬಂದ ವರ್ಷ

ಆ ವರ್ಷ ದೀಪಾವಳಿಗೆ ಇನ್ನೂ ಎರಡು ವಾರವಿರುವಾಗ ಅಕ್ಕ ನಮ್ಮ ಅಂಗಳಕ್ಕೆ ಬಂದು, ಜಗಲಿಯ ತುದಿಗೆ ಕೂತು, "ಈ ಸಲ ನನ್ನ ಕೈಲಿ ಆಗೂದಿಲ್ಲ ಅಮ್ಮ" ಅಂದಳು. ಏನು ಆಗುವುದಿಲ್ಲ ಅನ್ನುವುದು ನನಗೆ ಕೂಡಲೇ ತಿಳಿಯಲಿಲ್ಲ. ಅವಳು ಗುಡ್ಡದ ಕಡೆ ಮುಖ ಮಾಡಿದಾಗ ತಿಳಿಯಿತು.

ಅಕ್ಕ ನನ್ನ ಒಡಹುಟ್ಟಿದವಳಲ್ಲ. ಹುಲಗೋಳದ ಹತ್ತಿರದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಹಿಂದಿನ ಗುಡ್ಡದ ಬ್ಯಾಣದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸರ ಗುಂಪಿಗೆ ಅವಳೇ ಮುಂದಾಳು. ಬ್ಯಾಣವೆಂದರೆ ದನಗಳ ಹುಲ್ಲಿಗೆಂದೇ ಬಿಟ್ಟ ಇಳಿಜಾರು. ನಮ್ಮದು ನಾಲ್ಕು ಎಕರೆಗಿಂತ ತುಸು ಹೆಚ್ಚು. ಮಳೆಗಾಲ ಕಳೆಯುವಷ್ಟರಲ್ಲಿ ಹುಲ್ಲು ಎದೆಮಟ್ಟ ನಿಲ್ಲುತ್ತದೆ, ಕಾರ್ತಿಕದ ಬಿಸಿಲಿಗೆ ಕೆಂಪಗೆ ಮಾಗುತ್ತದೆ. ಆಗ ಕೊಯ್ದು ಒಣಗಿಸಿ ಪಿಂಡಿ ಕಟ್ಟಿಟ್ಟರೆ ನಮ್ಮ ಆರು ದನಗಳಿಗೆ ಮುಂದಿನ ಮಳೆಯವರೆಗೆ ಚಿಂತೆಯಿಲ್ಲ. ಪಿಂಡಿಗೆ ಗಂಟು ಹಾಕುವುದನ್ನು ನನಗೆ ಕಲಿಸಿದವಳು ಅಕ್ಕ. ಹದಿನಾಲ್ಕು ಹೆಂಗಸರ ಗುಂಪು ಒಂಬತ್ತಾಗಿ, ಐದಾಗಿ, ಹೋದ ವರ್ಷ ಅಕ್ಕ ಮತ್ತು ಅವಳ ನಾದಿನಿ ಇಬ್ಬರೇ ಉಳಿದಿದ್ದರು. ಈಗ ಅವಳ ಬಲಗೈ ಬೆರಳುಗಳು ಬೆಳಗಿನ ಹೊತ್ತು ಮಡಚುವುದಿಲ್ಲವಂತೆ.

"ಬೇಜಾರ್ ಮಾಡ್ಕಬೇಡಿ" ಎಂದು ಚಹಾ ಕುಡಿದು ಎದ್ದುಹೋದಳು.

ನಮ್ಮಲ್ಲಿ ಎರಡು ಚಕ್ರದ ಪುಟ್ಟ ಟ್ರ್ಯಾಕ್ಟರ್ ಇತ್ತು. ನಮ್ಮ ಕಡೆ ಅದನ್ನು ಟಿಲ್ಲರ್ ಅಂತಲೇ ಕರೆಯುತ್ತಾರೆ. ಅದರ ಹಿಂದೆ ನಡೆಯುತ್ತ ಎರಡು ಕೈಯಿಂದ ಹಿಡಿಕೆ ಹಿಡಿದು ಓಡಿಸಬೇಕು. ಯಜಮಾನರಿಗೆ ಬೆನ್ನುಮೂಳೆಯ ಕಾಯಿಲೆಯಾಗಿ, ಅದುರುವ ಯಂತ್ರ ಮುಟ್ಟಲೇಬಾರದು ಎಂದು ಡಾಕ್ಟರು ಹೇಳಿದ ಮೇಲೆ, ಐವತ್ತೊಂದನೇ ವಯಸ್ಸಿಗೆ ನಾನು ಅದನ್ನು ಕಲಿತೆ. ಕಲಿತ ದಿನ ಗದ್ದೆಯ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗಿಸಿದಾಗ, ನಾನು ಹೇಳಿದಂತೆ ಕೇಳುವ ಹತ್ತು ಕುದುರೆಗಳ ಬಲವೊಂದು ಕೈಯೊಳಗಿದೆ ಅನ್ನಿಸಿತ್ತು. ಆ ಟಿಲ್ಲರಿನಲ್ಲಿ ಒಂದು ವಿಶೇಷವಿತ್ತು. ಒಂದು ಪಿನ್ನು ಕಿತ್ತರೆ ಹಿಡಿಕೆಯನ್ನು ಪೂರ್ತಿ ಹಿಂದುಮುಂದಾಗಿ ತಿರುಗಿಸಬಹುದಿತ್ತು. ಆಗ ಹಿಂದಿದ್ದ ಸಲಕರಣೆ ಮುಂದಾಗುತ್ತದೆ. ಹುಲ್ಲು ಕೊಯ್ಯುವ ಯಂತ್ರವನ್ನು ಮುಂದಕ್ಕೆ ಕಟ್ಟಬೇಕು, ಇಲ್ಲವಾದರೆ ಕೊಯ್ಯುವ ಮೊದಲೇ ಚಕ್ರ ಹುಲ್ಲನ್ನು ತುಳಿದು ಮಲಗಿಸಿಬಿಡುತ್ತದೆ. ಇದನ್ನು ಕಂಡುಹಿಡಿದವರು ಯಜಮಾನರು. ಬೆನ್ನಿಗೆ ದಿಂಬು ಕೊಟ್ಟುಕೊಂಡು ನಾಲ್ಕು ದಿನ ಫೋನಿನಲ್ಲಿ ವಿಡಿಯೋ ನೋಡಿದರು. ಐದನೇ ದಿನ ನನ್ನನ್ನು ಕರೆದರು.

"ಮೂರು ನಮೂನೆ ಇದ್ದು ನೋಡು. ಒಂದು ಹುಲ್ಲನ್ನ ಚಚ್ಚದು, ಒಂದು ತಿರುಗಿ ಹೊಡೆಯದು, ಇನ್ನೊಂದು ಕತ್ತರಿ ಹಾಂಗೆ ಕತ್ತರ್ಸದು. ಆ ಮೊದಲ್ನೇದೇ ನಮಗೆ ಒಳ್ಳೇದು ಹೇಳಿ ಕಾಣ್ತು. ಎಂತ ಶಕ್ತಿ ಅದ್ರದ್ದು!"

"ವಿಡಿಯೋದಲ್ಲಿ ಎಲ್ಲವೂ ಚಂದವೇ ಕಾಣ್ತು" ಅಂದೆ ನಾನು. "ಹುಲ್ಲು ತಿನ್ನದು ನಾವಲ್ಲ, ದನ. ಕಣ್ಣಾರೆ ನೋಡಕು."

ಹಾಗೆ ನಮ್ಮ ತಿರುಗಾಟ ಶುರುವಾಯಿತು. ಮೊದಲು ಯಲ್ಲಾಪುರ ದಾಟಿ ಕಿರವತ್ತಿಗೆ ಹೋದೆವು. ಹೆದ್ದಾರಿಯ ಢಾಬಾಗಳ ಹಿಂದೆ ಗೋವಿನಜೋಳ ಬೆಳೆಯುವ ರೈತರೊಬ್ಬರಲ್ಲಿ ಚಚ್ಚುವ ಯಂತ್ರವಿದೆಯೆಂದು ಯಜಮಾನರು ಯಾರಿಂದಲೋ ಪತ್ತೆ ಮಾಡಿದ್ದರು. ಉದ್ದನೆಯ ಒಂದು ಉರುಳೆ, ಅದರ ತುಂಬ ಸಡಿಲವಾಗಿ ತೂಗುವ ಕಬ್ಬಿಣದ ತುಂಡುಗಳು. ಉರುಳೆ ತಿರುಗಿದಾಗ ತುಂಡುಗಳೆಲ್ಲ ಸೆಟೆದು ನಿಂತು ಎದುರಿಗೆ ಸಿಕ್ಕಿದ್ದನ್ನು ಬಡಿಯುತ್ತವೆ. ಕೊಯ್ಲಾದ ಹೊಲದಲ್ಲಿ ಹೆಬ್ಬೆರಳ ಗಾತ್ರದ ದಂಟುಗಳು ಸಾಲಾಗಿ ನಿಂತಿದ್ದವು. ಆ ರೈತರು ಯಂತ್ರವನ್ನು ಒಮ್ಮೆ ಹಾಯಿಸಿದರು. ಹಿಂದೆ ನೋಡಿದರೆ ದಂಟೂ ಇಲ್ಲ, ಬುಡವೂ ಇಲ್ಲ, ನೆಲದ ಮೇಲೆ ಬಿಳೀ ಪುಡಿ.

"ಹ್ಯಾಂಗೈತ್ರಿ? ಒಂದೇ ಸರ್ತಿಗೆ ಮಣ್ಣಿಗೆ ಗೊಬ್ಬರ" ಎಂದು ಅವರು ನಕ್ಕರು. "ಕಲ್ಲಿಗೂ ಅಂಜೂದಿಲ್ರಿ ಇದು. ಕಲ್ಲು ಬಡದ್ರ ತುಂಡು ಮಡಚಿಕೊಂಡು ಹಿಂದ ಸರೀತೈತಿ."

ಯಜಮಾನರ ಮುಖ ನೋಡಬೇಕಿತ್ತು. ಆ ಕ್ಷಣವೇ ಅದನ್ನು ಮನೆಗೆ ಹೊತ್ತುಕೊಂಡು ಹೋಗುವ ಹಾಗಿದ್ದರು. ನನಗೂ ಅದು ಹಿಡಿಸಿದ್ದು ನಿಜ. ಆದರೂ ಹೊಲದ ಅಂಚಿನಲ್ಲಿ ನಿಂತಿದ್ದ ಹುಲ್ಲನ್ನು ನಾಲ್ಕು ಮಾರು ಕೊಯ್ದು ತೋರಿಸಿ ಎಂದು ಕೇಳಿದೆ. ಅವರು ತೋರಿಸಿದರು. ಬಿದ್ದ ಹುಲ್ಲನ್ನು ಎರಡು ಚೀಲಕ್ಕೆ ತುಂಬಿಸಿಕೊಂಡು ಬಸ್ಸು ಹತ್ತಿದೆ.

ಮನೆಗೆ ಬಂದ ಕೂಡಲೇ ಒಂದು ಚೀಲವನ್ನು ಕೆಂಪು ಹಸುವಿನ ಮುಂದೆ ಸುರಿದೆ. ಅದು ಮೂಸಿತು, ತುಸು ತಿಂದಿತು, ನಾಲಿಗೆಗೆ ಮಣ್ಣು ಹತ್ತಿ ಮುಖ ಎತ್ತಿತು. ಇನ್ನೊಂದು ಚೀಲವನ್ನು ಅಂಗಳದಲ್ಲಿ ಒಣಹಾಕಿದೆ. ತರಿತರಿಯಾದ ಹುಲ್ಲು ಒಣಗುವ ಬದಲು ಒಂದಕ್ಕೊಂದು ಅಂಟಿ ಕೂತಿತು. ಮಾರನೇ ದಿನ ರಾಶಿಯೊಳಗೆ ಕೈ ಹಾಕಿದರೆ ಬಿಸಿ, ಮೂರನೇ ದಿನಕ್ಕೆ ಹುಳಿ ವಾಸನೆ. ಕೆಂಪಿ ಫೂ ಎಂದು ಉಸಿರು ಬಿಟ್ಟು ತಿರುಗಿ ನಿಂತಿತು. ಯಜಮಾನರು ಕೊಟ್ಟಿಗೆಯ ಕಂಬಕ್ಕೆ ಒರಗಿ ಇದನ್ನೆಲ್ಲ ನೋಡುತ್ತಿದ್ದರು.

"ದನ ಹೇಳಿದ ಮೇಲೆ ಮುಗತ್ತು" ಎಂದು ಪಟ್ಟಿಯಿಂದ ಅದನ್ನು ಹೊಡೆದುಹಾಕಿದರು.

ಎರಡನೆಯದು ಸಿದ್ದಾಪುರ ತಾಲ್ಲೂಕಿನ ಹೇರೂರಿನಲ್ಲಿ, ನನ್ನ ಅಣ್ಣನ ಮನೆಯಲ್ಲೇ ಇತ್ತು. ಅಗಲವಾದ ತಟ್ಟೆಯ ಕೆಳಗೆ ಎರಡು ದಪ್ಪ ಬ್ಲೇಡು ಗಿರ್ರನೆ ತಿರುಗುವ ಯಂತ್ರ. ತೋಟದ ಮೇಲಿನ ಬೇಲಿಯಂಚಿನಲ್ಲಿ ಮಣಿಕಟ್ಟಿನಷ್ಟು ದಪ್ಪದ ಗಿಡಗಳನ್ನೂ ಅದು ಲೆಕ್ಕಿಸದೆ ಮುನ್ನುಗ್ಗಿತು. ಅಣ್ಣ "ತಂಗಿ, ಹಿಂದೆ ನಿಲ್ಲು, ಇನ್ನೂ ಹಿಂದೆ" ಎಂದು ಕೂಗುತ್ತಲೇ ಇದ್ದ. ನಾನು ತೆಂಗಿನ ಮರದ ಮರೆಗೆ ಸರಿದೆ. ಟಣ್ ಎಂದು ಸದ್ದಾಯಿತು. ಸುಣ್ಣದುಂಡೆಯಷ್ಟು ಕಲ್ಲೊಂದು ಇಪ್ಪತ್ತು ಮಾರು ಹಾರಿ ಕಟ್ಟಿಗೆ ಮನೆಯ ತಗಡನ್ನು ತೂತು ಮಾಡಿತ್ತು. ಅಣ್ಣನೂ ನಾನೂ ಹೋಗಿ ಆ ತೂತಿನೊಳಗಿಂದ ಆಕಾಶ ನೋಡಿದೆವು.

"ಗಿಡಗಂಟಿಗೆ ಇದರಂಥದ್ದು ಇಲ್ಲೆ" ಅಂದ ಅಣ್ಣ. "ಹುಲ್ಲು ಒಣಗಿಸಿ ಪಿಂಡಿ ಕಟ್ಟವು ಹೇಳಿದ್ರೆ ಇದು ಬೇಡ. ಅರ್ಧ ಹುಲ್ಲು ಹರಿದು ಹಾಳಾಗ್ತು. ನಿಮ್ಮ ಬ್ಯಾಣ ಕಲ್ಲಿನ ಜಾಗ ಬೇರೆ."

ಉಳಿದದ್ದು ಕತ್ತರಿ ಯಂತ್ರ. ಅದು ಬನವಾಸಿ ರಸ್ತೆಯಲ್ಲಿ ಟಿಲ್ಲರ್ ರಿಪೇರಿ ಮಾಡುವ ಒಬ್ಬ ಹಿರಿಯ ಮಿಸ್ತ್ರಿಯವರ ಹತ್ತಿರ ಸಿಕ್ಕಿತು. ಹಣೆಯ ಮೇಲೆ ವಿಭೂತಿ, ಮೊಳಕೈವರೆಗೆ ಗ್ರೀಸು. ಅಂಗಡಿಯ ಮೂಲೆಯಲ್ಲಿ ಗೋಡೆಗೊರಗಿಸಿಟ್ಟಿದ್ದ ನಾಲ್ಕಡಿ ಉದ್ದದ ಪಟ್ಟಿಯನ್ನು ತಂದು ಬೆಂಚಿನ ಮೇಲೆ ಮಲಗಿಸಿದರು. ಮೀನಿನ ದವಡೆಯ ಹಾಗೆ ಮುಂದಕ್ಕೆ ಚಾಚಿದ ಬೆರಳುಗಳು, ಬೆರಳುಗಳ ನಡುವೆ ತ್ರಿಕೋನದ ಹಲ್ಲುಗಳು.

"ಕೂಡ್ರಿ ಅಮ್ಮಾರ. ಒಂದ್ ಹುಲ್ಲಿನ ಎಸಳು ಕೊಡ್ರಿ" ಅಂದರು.

ಹೊರಗೆ ಹೋಗಿ ಒಂದು ಎಸಳು ಕಿತ್ತು ತಂದೆ. ಅದನ್ನು ಪಟ್ಟಿಯ ಎರಡು ಬೆರಳುಗಳ ನಡುವೆ ನೆಟ್ಟಗೆ ಹಿಡಿದುಕೊಳ್ಳಲು ಹೇಳಿ, ಅವರು ಇನ್ನೊಂದು ತುದಿಯಿಂದ ಹಲ್ಲಿನ ಪಟ್ಟಿಯನ್ನು ನಿಧಾನವಾಗಿ, ಬಹಳ ನಿಧಾನವಾಗಿ ಸರಿಸಿದರು. ಹಲ್ಲು ಬಂದು ಎಸಳನ್ನು ಕಬ್ಬಿಣದ ಬೆರಳಿಗೆ ಒತ್ತಿ ಹಾದುಹೋಯಿತು. ನನ್ನ ಕೈಯಲ್ಲಿದ್ದ ಎಸಳಿಗೆ ತಾನು ತುಂಡಾದದ್ದೇ ಗೊತ್ತಾಗದ ಹಾಗೆ ಅದು ಕಡಿದಿತ್ತು. ತುಂಡಾದ ಕಡೆ ಹರಿದ ಗುರುತಿಲ್ಲ, ಜಜ್ಜಿದ ಗುರುತಿಲ್ಲ. ನನಗೆ ಅಕ್ಕನ ಕತ್ತಿ ಕಣ್ಣ ಮುಂದೆ ಬಂತು.

"ಇದೇ" ಅಂದೆ.

ಯಜಮಾನರೂ ತಲೆಯಾಡಿಸಿದರು. ಆದರೆ ಮಿಸ್ತ್ರಿಯವರು ಪಟ್ಟಿಯನ್ನು ಮತ್ತೆ ಗೋಡೆಗೆ ಒರಗಿಸಿದರು. "ನಿಮ್ಮ ಭೂಮ್ಯಾಗ ಕಲ್ಲು ಅದಾವೇನ್ರಿ?"

"ಇವೆ."

"ಎಲ್ಲೆಲ್ಲಿ ಅದಾವು?"

ಎದೆಮಟ್ಟದ ಹುಲ್ಲಿನೊಳಗೆ ಕಲ್ಲು ಎಲ್ಲಿದೆಯೆಂದು ಯಾರಿಗೆ ಗೊತ್ತು?

"ಹಂಗಾದ್ರ ಇದು ನಿಮಗಲ್ಲ" ಅಂದರು ಅವರು. "ಹುಲ್ಲಿನ ಮುಂದ ಇದು ರಾಜ, ಕಲ್ಲಿನ ಮುಂದ ಕೂಸು. ಒಂದ್ ಕಲ್ಲು ಸಿಕ್ರ ನಾಕು ಹಲ್ಲು ಹೋದ್ವು. ಮಾರೂದು ನನಗ ದೊಡ್ಡ ಮಾತಲ್ರಿ. ನಾಳಿ ನೀವು ಇದನ್ನ ಮೂಲ್ಯಾಗ ಇಡೂದ ಬ್ಯಾಡ." ಆಮೇಲೆ ಸೇರಿಸಿದರು: "ಕಲ್ಲೆಲ್ಲಾ ಗುರ್ತು ಮಾಡಿ ಹೇಳ್ರಿ. ನಾನ ಬಂದು ಒಂದಿನ ಹೊಡದು ತೋರಸ್ತೀನಿ. ಆಮ್ಯಾಲ ನಿಮ್ಮ ಇಚ್ಛಾ."

ಬಸ್ಸಿಳಿದ ಮೇಲೆ ಯಜಮಾನರು, "ಒಂದು ವರ್ಷ ಹುಲ್ಲು ಬಿಟ್ಟುಬಿಡನ, ಒಣಗಿ ಬಿದ್ದ ಮೇಲೆ ಕಲ್ಲು ಹುಡುಕನ" ಅಂದರು. ಒಂದು ವರ್ಷ ದನಗಳಿಗೆ ಏನು ಹಾಕುವುದು ಎಂದು ನಾನು ಕೇಳಲಿಲ್ಲ. ಅವರನ್ನು ಮನೆಯ ದಾರಿಗೆ ಹಚ್ಚಿ, ನಾನು ನೆಟ್ಟಗೆ ಅಕ್ಕನ ಮನೆಗೆ ಹೋದೆ.

ಅಕ್ಕ ಅಂಗಳದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎಲ್ಲ ಹೇಳಿದೆ. ತನ್ನ ಕೆಲಸಕ್ಕೆ ಯಂತ್ರ ತರುವ ಸುದ್ದಿಯನ್ನು ಹೇಗೆ ತೆಗೆದುಕೊಳ್ಳುತ್ತಾಳೋ ಎಂಬ ಅಳುಕು ನನಗೆ ಇದ್ದೇ ಇತ್ತು. ಅವಳು ಕೈಯಲ್ಲಿದ್ದ ಕಾಯಿಯನ್ನು ಸುಲಿದು ಮುಗಿಸಿದಳು.

"ಎಷ್ಟು ಕಲ್ಲವೆ ಅಂತ ಕೇಳಿದ್ರೆ ನಂಗೆ ಎಣಿಸೂಕೆ ಬರೂದಿಲ್ಲ" ಅಂದಳು. "ಎಲ್ಲೆಲ್ಲವೆ ಅಂತ ಕೇಳಿದ್ರೆ ತೋರಿಸ್ತೀನಿ. ಕೋಲು ಮಾಡಿಡಿ. ಹುಲ್ಲಿಗಿಂತ ಎತ್ತರ ಇರ್ಲಿ."

ಸಂಜೆಯೇ ಬಿದಿರು ಸೀಳಿದೆವು. ಒಂದೊಂದರ ತುದಿಗೂ ಹಳೇ ಕೆಂಪು ಸೀರೆಯ ಚಿಂದಿ ಕಟ್ಟಿದೆವು. ಐವತ್ತು ಸಾಕೆಂದು ಯಜಮಾನರು, ಇರಲೆಂದು ಇನ್ನೂ ಹತ್ತು ನಾನು.

ಮರುದಿನ ಇಬ್ಬನಿ ಆರಿದ ಮೇಲೆ ಅಕ್ಕ ಬಂದಳು. ಬ್ಯಾಣದ ನೆತ್ತಿಯಲ್ಲಿರುವ ನೆಲ್ಲಿ ಮರದ ಬುಡದಲ್ಲಿ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹುಲ್ಲಿನೊಳಗೆ ಇಳಿದಳು. ಕೋಲುಗಳ ಹೊರೆ ಹೊತ್ತು ನಾನು ಹಿಂದೆ. ಅವಳು ನೆಲ ನೋಡಲೇ ಇಲ್ಲ. ಎದುರಿನ ಗುಡ್ಡ ನೋಡುತ್ತಿದ್ದಳು, ಕಾಲು ತನ್ನಷ್ಟಕ್ಕೆ ನಡೆಯುತ್ತಿತ್ತು. ಹನ್ನೊಂದು ಹೆಜ್ಜೆ ಹೋಗಿ ನಿಂತಳು.

"ಇಲ್ಲೊಂದು."

ನಾನು ಬಗ್ಗಿ ಹುಲ್ಲು ಸರಿಸಿದೆ. ಆಮೆಯ ಬೆನ್ನಿನಂಥ ಕಪ್ಪು ಕಲ್ಲು, ಮಣ್ಣಿನಿಂದ ನಾಲ್ಕು ಬೆರಳು ಮಾತ್ರ ಮೇಲಕ್ಕಿತ್ತು. ಅದರ ಪಕ್ಕ ಕೋಲು ಊರಿದೆ. ಅವಳು ಆಗಲೇ ಮುಂದೆ ಹೋಗಿದ್ದಳು.

"ಇಲ್ಲಿ ಜೋಡಿ ಅವೆ, ಅಣ್ಣ ತಮ್ಮ ಇದ್ದಂಗೆ. ಎರಡು ಕೋಲು ಹಾಕಿ." ಹಾಕಿದೆ. "ಇದು ಕೆಟ್ಟದ್ದು. ಮೊನೆ ಮೇಲಾಗಿ ಕೂತದೆ. ನನ್ನ ಹೊಸ ಕತ್ತಿ ಬಾಯಿ ತಿಂದಿದ್ದು ಇದೇ." ಸರಿಸಿ ನೋಡಿದರೆ ಕಲ್ಲಿನ ಮೊನೆ. "ಇಲ್ಲಿ ನಾನು ದೊಡ್ಡ ಮಗಳನ್ನ ಹೊಟ್ಟೇಲಿಟ್ಕಂಡು ಎಡವಿ ಬಿದ್ದಿದ್ದೆ." ಅಲ್ಲೂ ಕಲ್ಲು. "ಇದರ ಮೇಲೆ ಕೂತು ನಾವೆಲ್ಲ ಎಲೆಯಡಿಕೆ ಹಾಕ್ತಿದ್ವಿ." ಅದು ಚಪ್ಪಟೆ ಕಲ್ಲು, ಮೇಲ್ಮೈ ನುಣುಪಾಗಿತ್ತು.

ಮೊದಲು ಒಂದೊಂದು ಕಲ್ಲನ್ನೂ ನಾನು ಬಗ್ಗಿ ನೋಡುತ್ತಿದ್ದೆ. ಹದಿನೈದೋ ಇಪ್ಪತ್ತೋ ಆದ ಮೇಲೆ ನೋಡುವುದನ್ನು ಬಿಟ್ಟೆ. ಕೋಲು ಊರುವಾಗ ತುದಿ ಕಲ್ಲಿಗೆ ತಾಗಿ ಟಕ್ ಎನ್ನುತ್ತಿತ್ತು, ಅಷ್ಟೇ ಸಾಕಾಗಿತ್ತು. ಅರುವತ್ತೂ ಮುಗಿದು, ಯಜಮಾನರು ಕೆಳಗಿನಿಂದ ಇನ್ನೊಂದು ಹೊರೆ ಕಳಿಸಿಕೊಡಬೇಕಾಯಿತು. ಮೂರು ಹುತ್ತಗಳನ್ನು ತೋರಿಸಿದಳು. ಬಲಗಡೆಯ ಇಳಿಜಾರಿನ ಅರ್ಧದಲ್ಲಿ ನಿಂತು, ಹಿಮ್ಮಡಿಯಿಂದ ಎರಡು ಸಲ ನೆಲ ಒತ್ತಿ, "ಇಲ್ಲಿ ಕಲ್ಲಿಲ್ಲ. ಆದ್ರೆ ಅಡಿಗೆ ನೀರದೆ. ಮೇಲೆ ಒಣಗಿದಂಗೆ ಕಾಣ್ತದೆ, ಚಕ್ರ ಇಳೀತದೆ" ಅಂದಳು. ಅಲ್ಲಿ ಸುತ್ತಲೂ ಹಸಿ ಸೊಪ್ಪು ಕಟ್ಟಿದ ಕೋಲು ಹಾಕಿಸಿದಳು.

ಮಧ್ಯಾಹ್ನ ನೆಲ್ಲಿ ಮರದ ಕೆಳಗೆ ನಿಂತು ನೋಡಿದರೆ ಕೆಂಪು ಹುಲ್ಲಿನ ಮೇಲೆ ಎಪ್ಪತ್ತೆಂಟು ಚಿಂದಿಗಳು ಗಾಳಿಗೆ ಆಡುತ್ತಿದ್ದವು. ಮೂವತ್ತು ವರ್ಷ ಈ ಗುಡ್ಡವನ್ನು ದಿನಾ ನೋಡಿದವಳು ನಾನು. ನನ್ನ ಕಣ್ಣಿಗೆ ಬರೀ ಹುಲ್ಲು ಕಂಡಿತ್ತು. ಅದಕ್ಕೂ ಹೆಚ್ಚು ವರ್ಷ ಇವಳು ಬೆನ್ನು ಬಗ್ಗಿಸಿ, ಹಿಡಿಹಿಡಿಯಾಗಿ ಕೊಯ್ಯುತ್ತ, ಹುಲ್ಲಿನಡಿಯ ಇಡೀ ನೆಲವನ್ನು ಮೈಯೊಳಗೆ ಇಟ್ಟುಕೊಂಡಿದ್ದಳು. ಒಮ್ಮೆಯೂ ಯಾರೂ ಅವಳನ್ನು ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ನನ್ನ ಮೈಯಲ್ಲಿ ರೋಮ ನಿಂತದ್ದನ್ನು ಅವಳು ನೋಡಿ, "ಚಳಿಯಾ?" ಎಂದು ಕೇಳಿದಳು.

ಮಿಸ್ತ್ರಿಯವರು ದೀಪಾವಳಿ ಕಳೆದ ವಾರ ಗೂಡ್ಸ್ ರಿಕ್ಷಾದಲ್ಲಿ ಯಂತ್ರ ತಂದರು. ಟಿಲ್ಲರಿನ ಹಿಡಿಕೆ ತಿರುಗಿಸಿ, ಮುಂದೆ ಪಟ್ಟಿ ಕಟ್ಟಿ, ಇಳಿಜಾರಿನಲ್ಲಿ ಮಗುಚದಿರಲೆಂದು ಚಕ್ರಗಳ ಹೊರಗೆ ಇನ್ನೊಂದು ಜೊತೆ ಚಕ್ರ ಜೋಡಿಸಿದರು. ಆಮೇಲೆ ತಲೆಯೆತ್ತಿ ಬ್ಯಾಣ ನೋಡಿದರು.

"ಇಷ್ಟೆಲ್ಲಾ ಹ್ಯಾಂಗ ಹುಡಿಕಿದ್ರಿ?"

ನಾನು ಅಕ್ಕನ ಕಡೆ ಕೈ ತೋರಿಸಿದೆ. ಅವರಿಗೆ ನಂಬಿಕೆ ಬರಲಿಲ್ಲ. ಹುಲ್ಲಿನೊಳಗೆ ನಡೆದು ಒಂದು ಕೋಲಿನ ಬುಡ ಕಾಲಿನಿಂದ ತಡವಿದರು, ಕಲ್ಲು. ಇನ್ನೊಂದು, ಅಲ್ಲೂ ಕಲ್ಲು. ದೂರದ ಮೂಲೆಯಲ್ಲಿದ್ದ ಒಂದಕ್ಕೆ ಬೇಕೆಂದೇ ಹೋದರು, ಅಲ್ಲೂ ಇತ್ತು. ತಿರುಗಿ ಬಂದು ಅಕ್ಕನ ಎದುರು ನಿಂತರು. "ಯವ್ವಾ, ಏನ್ ನೆನಪು ನಿಂದು! ನನ್ನ ಅಂಗಡ್ಯಾಗ ಪಾನಾ ಎಲ್ಲಿಟ್ಟೀನಿ ನನಗ ಗೊತ್ತಿರೂದಿಲ್ಲ."

ಅಕ್ಕ ಪಟ್ಟಿಯ ಕೆಳಗೆ ಕೈಯಿಟ್ಟು ಎತ್ತರ ಅಳೆಯುತ್ತಿದ್ದಳು. "ಎರಡೇ ಬೆರಳಾಯ್ತು. ನಾಕು ಬೆರಳು ಬಿಡಿ."

"ಹುಲ್ಲು ದಂಡ ಆಗ್ತತಿ ಯವ್ವಾ."

"ಬಿಸಿಲಿಗೆ ಬುಡ ಸುಟ್ಟುಹೋದ್ರೆ ಮುಂದಿನ ವರ್ಷ ಎಲ್ಲಿಂದ ಬರ್ತದೆ? ಮಾಘದ ಇಬ್ಬನಿಗೆ ಅದು ಚಿಗುರಬೇಕು."

ಅವರು ಪಟ್ಟಿಯ ಕೆಳಗೆ ನೆಲದ ಮೇಲೆ ಜಾರುವ ಕಬ್ಬಿಣದ ಪಾದಗಳನ್ನು ಇಳಿಸಿ ಪಟ್ಟಿಯನ್ನು ಮೇಲೇರಿಸಿದರು. ಅಕ್ಕ ಮತ್ತೆ ಬೆರಳಿಟ್ಟು ನೋಡಿ ಸರಿ ಅಂದಳು.

ಮೊದಲ ಸಾಲು ಅವರು ಹೊಡೆದರು, ಎರಡನೆಯದರಿಂದ ನಾನು. ಇಳಿಜಾರಿಗೆ ಅಡ್ಡಲಾಗಿ ಹೋಗಬೇಕು, ಮೇಲೆ ಕೆಳಗೆ ಹೋಗಬಾರದು ಎಂದು ಹೇಳಿಕೊಟ್ಟರು. ಕ್ಲಚ್ ಬಿಟ್ಟೆ. ಹಲ್ಲುಗಳು ಕಿಟಿಕಿಟಿಕಿಟಿ ಎಂದು ಆಡತೊಡಗಿದವು. ಹುಲ್ಲು ಎದುರು ನಿಂತಿತ್ತು. ನಾನು ಮುಂದೆ ಹೋದೆ.

ಆಗ ನೋಡಿದ್ದನ್ನು ಹೇಗೆ ಹೇಳಲಿ? ಪಟ್ಟಿ ಹಾದುಹೋದ ಮೇಲೂ ಹುಲ್ಲು ಒಂದು ಗಳಿಗೆ ನಿಂತೇ ಇರುತ್ತಿತ್ತು. ಬುಡ ಕಡಿದದ್ದು ತೆನೆಗೆ ಇನ್ನೂ ತಿಳಿದಿಲ್ಲ. ಆಮೇಲೆ ನಾಲ್ಕಡಿ ಅಗಲದ ಇಡೀ ಸಾಲು, ತಾಯಿ ತೋಳಿನಿಂದ ಇಳಿಸಿ ಮಲಗಿಸಿದ ಕೂಸಿನ ಹಾಗೆ, ಮೆಲ್ಲಗೆ ಹಿಂದಕ್ಕೆ ಒರಗುತ್ತಿತ್ತು. ತೆನೆಗಳೆಲ್ಲ ಒಂದೇ ಕಡೆ, ಬುಡಗಳೆಲ್ಲ ಒಂದೇ ಕಡೆ. ಅದರ ಮೇಲೆ ತೆನೆಯ ಧೂಳು ಬಂಗಾರದ ಬಣ್ಣಕ್ಕೆ ಎದ್ದು ಬಿಸಿಲಲ್ಲಿ ತೇಲುತ್ತಿತ್ತು. ಮಿಡತೆಗಳು ಅಲೆಅಲೆಯಾಗಿ ಮುಂದೆ ಹಾರುತ್ತಿದ್ದವು, ಅವುಗಳ ಹಿಂದೆ ಎಲ್ಲಿಂದಲೋ ಬಂದ ಕಾಜಾಣಗಳು. ಕೆಂಪು ಚಿಂದಿ ಕಂಡಲ್ಲಿ ನಾನು ಪಟ್ಟಿ ಎತ್ತಿ ಸುತ್ತು ಹಾಕುತ್ತಿದ್ದೆ. ಸಾಲಿನ ತುದಿ ತಲುಪಿ ಹಿಂದೆ ನೋಡಿದವಳು ಕೂಡಲೇ ಯಂತ್ರ ತಿರುಗಿಸಿ ಮುಂದಿನ ಸಾಲಿಗೆ ಹಚ್ಚಿದೆ.

ಯಜಮಾನರು ನೆಲ್ಲಿ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. "ವಿಡಿಯೋದಲ್ಲಿ ಹೀಂಗೆ ಕಂಡಿದ್ದಿಲ್ಲೆ" ಎಂದು ಮತ್ತೆ ಮತ್ತೆ ಹೇಳಿದರು.

ಒಂದೇ ಒಂದು ಕೋಲು ಸುಳ್ಳಾಯಿತು. ಎಷ್ಟೋ ವರ್ಷದಿಂದ ಯಾರೂ ಒಳಹೊಕ್ಕು ಕೊಯ್ಯದ ಎಡಗಡೆಯ ಮುಳ್ಳುಹಿಂಡಿನ ನಡುವೆ ಅಕ್ಕ ದೂರದಿಂದಲೇ ತೋರಿಸಿ ಊರಿಸಿದ್ದ ಕೋಲಿನ ಬುಡದಲ್ಲಿ ಕಲ್ಲಿರಲಿಲ್ಲ. ಮಿಸ್ತ್ರಿಯವರು ಹಾರೆಯಿಂದ ಅಗೆದು ನೋಡಿ, "ಯವ್ವಾ, ಇದೊಂದು ತಪ್ಪಿತು ನೋಡು" ಎಂದು ನಕ್ಕರು. ಅಕ್ಕನ ಮುಖ ಪೆಚ್ಚಾಯಿತು. "ಇತ್ತು, ಇಲ್ಲೇ ಇತ್ತು. ಪೆಟ್ಟಿಗೆ ಇದ್ದಂಗೆ ಚೌಕದ್ದು" ಎಂದು ಗೊಣಗುತ್ತ ಗುಂಡಿಯ ಸುತ್ತ ತಿರುಗಿದಳು. ಆಗ ಯಜಮಾನರು ಕುರ್ಚಿಯಿಂದ ಎದ್ದರು.

"ಹೌದು, ಇತ್ತು. ಅಪ್ಪಯ್ಯ ಕೀಳಿಸಿ ಕೊಟ್ಟಿಗೆ ಬಾಗಿಲ ಮೆಟ್ಟಿಲು ಮಾಡಿಸಿದ್ದ. ನಾನಾಗ ಕಾಲೇಜಿನಲ್ಲಿದ್ದೆ."

ನಾನು ಮದುವೆಯಾಗಿ ಬರುವುದಕ್ಕೂ ಮೊದಲಿನ ಮಾತು. ದಿನಕ್ಕೆರಡು ಸಲ ಹಾಲಿನ ಚೊಂಬು ಹಿಡಿದು ನಾನು ಆ ಚೌಕ ಕಲ್ಲಿನ ಮೇಲೆ ಕಾಲಿಟ್ಟೇ ಒಳಗೆ ಹೋಗುತ್ತಿದ್ದೆ. ಮಿಸ್ತ್ರಿಯವರು ಹಾರೆ ಕೆಳಗಿಟ್ಟರು.

ಸಂಜೆಗೆ ಮುಂಚೆ ನಾನು ಅಕ್ಕನನ್ನು ಕರೆದೆ. "ಬಾ ಅಕ್ಕಾ, ನೀನೊಂದು ಸಾಲು ಹೊಡಿ." ಅವಳು ಬೇಡವೇ ಬೇಡ ಅಂದಳು. ಕೊನೆಗೆ ಸೆರಗು ಸಿಕ್ಕಿಸಿ ಬಂದಳು. ಹಿಡಿಕೆಯ ಮೇಲೆ ಅವಳ ಕೈ, ಅವಳ ಕೈಯ ಮೇಲೆ ನನ್ನ ಕೈ. ಹತ್ತು ಹೆಜ್ಜೆ ಹೋದೆವು. ಮಡಚದ ಆ ಬೆರಳುಗಳು ಯಂತ್ರದ ಜೊತೆ ಅದುರುತ್ತಿದ್ದವು. ಹುಲ್ಲು ನಮ್ಮೆದುರು ಒರಗುತ್ತ ಹೋಯಿತು. ನಾನು ಕ್ಲಚ್ ಹಿಡಿದು ನಿಲ್ಲಿಸಿದಾಗ ಅವಳು ಹಿಂದೆ ತಿರುಗಿ, ತಾನು ಮಲಗಿಸಿದ ಹುಲ್ಲನ್ನೂ ಬೆಳಗಿನಿಂದ ಮಲಗಿದ್ದ ಸಾಲುಗಳನ್ನೂ ನೋಡುತ್ತ ನಿಂತಳು.

"ನಾವು ಹದಿನಾಲ್ಕು ಜನ ಒಂದು ದಿನಕ್ಕೆ ಇಷ್ಟು ಮಾಡ್ತಿದ್ವಿ" ಅಂದಳು. "ಹಾಡ್ತಾ ಮಾಡ್ತಿದ್ವಿ. ಇದರ ಗಲಾಟೇಲಿ ಹಾಡು ಕೇಳೂದಿಲ್ಲ, ಅದೊಂದು." ಆಮೇಲೆ ನಕ್ಕುಬಿಟ್ಟಳು. "ಸೊಂಟ ಮಾತ್ರ ನೋಯೂದಿಲ್ಲ ಅಲ್ದಾ ಅಮ್ಮ?"

ಯಂತ್ರ ನಮ್ಮಲ್ಲೇ ಉಳಿಯಿತು. ಬ್ಯಾಣ ಪೂರ್ತಿ ಮೂರು ದಿನಕ್ಕೆ ಮುಗಿಯಿತು, ಹಲ್ಲು ಒಂದೂ ಮುರಿಯಲಿಲ್ಲ. ಸೊಪ್ಪಿನ ಕೋಲಿನ ಜಾಗಕ್ಕೆ ನಾನು ಯಂತ್ರ ಒಯ್ಯಲಿಲ್ಲ. ಅಲ್ಲಿ ಕತ್ತಿಯಿಂದ ಕೊಯ್ಯುವಾಗ ನನ್ನ ಹಿಮ್ಮಡಿ ನೀರಿಗೆ ಇಳಿಯಿತು. ಒಣಗಿದ ಹುಲ್ಲನ್ನು ಕೆಂಪಿಯ ಮುಂದೆ ಇಟ್ಟೆ. ಅದು ತಲೆ ಎತ್ತದೆ ತಿಂದಿತು. ಯಜಮಾನರು ಕೋಲುಗಳನ್ನು ಕೀಳುವ ಮೊದಲು ಕಲ್ಲುಗಳಿಗೆಲ್ಲ ಸುಣ್ಣ ಬಳಿಸಿ, ದೊಡ್ಡ ಹಾಳೆಯಲ್ಲಿ ಬ್ಯಾಣದ ನಕ್ಷೆ ಬರೆದರು. ಒಂದೊಂದು ಕಲ್ಲಿನ ಎದುರೂ ಅಕ್ಕ ಹೇಳಿದ್ದನ್ನೇ ಬರೆದಿದ್ದಾರೆ: ಅಣ್ಣ ತಮ್ಮ, ಕತ್ತಿ ಬಾಯಿ ತಿಂದದ್ದು, ಎಲೆಯಡಿಕೆ ಕಲ್ಲು.

ಮರುವರ್ಷ ನಾನು ಒಬ್ಬಳೇ ಕೊಯ್ಯುತ್ತಿದ್ದೆ. ಎರಡನೇ ದಿನ, ಸಿದ್ದಾಪುರದ ಮಗಳ ಮನೆಗೆ ಹೊರಟಿದ್ದ ಅಕ್ಕ ಕೈಚೀಲ ಹಿಡಿದು ಮೇಲಿನ ದಾರಿಯಲ್ಲಿ ಬಂದಳು. ಬಸ್ಸಿಗೆ ಹೊತ್ತಿತ್ತೇನೋ, ಬೇಲಿಯ ಹತ್ತಿರ ನಿಂತು ನೋಡತೊಡಗಿದಳು. ನಾನು ಒಂದು ಸಾಲು ಮುಗಿಸಿ ತಿರುಗುವಾಗ ಕೈಯೆತ್ತಿ ನಿಲ್ಲಿಸಲು ಹೇಳಿದಳು. ಇಂಜಿನ್ ಆರಿಸಿದೆ. ಅವಳು ಕೆಳಗಿಳಿದು ಬಂದು, ಬಿದ್ದ ಹುಲ್ಲಿನಿಂದ ಒಂದು ಹಿಡಿ ಎತ್ತಿ, ಕಡಿದ ತುದಿಗಳನ್ನು ಹೆಬ್ಬೆರಳಿನಿಂದ ಸವರಿದಳು. ಅಲ್ಲಿಂದ ಎರಡು ಗೇಣು ಸರಿದು ಇನ್ನೊಂದು ಹಿಡಿ ಎತ್ತಿ ಸವರಿದಳು. ಎರಡನ್ನೂ ನನ್ನ ಕೈಗೆ ಕೊಟ್ಟಳು. ನನಗೆ ಎರಡೂ ಒಂದೇ.

"ಇದು ಕೊಯ್ದಿದ್ದು, ಇದು ಹರಿದಿದ್ದು" ಅಂದಳು. "ಎಡಗಡೆ ತುದಿಯಿಂದ ಮೂರನೇದೋ ನಾಲ್ಕನೇದೋ ಹಲ್ಲು ಮೊಂಡಾಗಿ ಕೂತದೆ. ಮಸೆದು ಹಾಕಿ ಅಮ್ಮ, ಬಸ್ಸು ಬಂತು" ಎಂದು ಏರು ಹತ್ತಿದಳು.

ನಾನು ಪಟ್ಟಿಯ ಮೇಲಿನ ಹುಲ್ಲು ತೆಗೆದು, ಎಡತುದಿಯಿಂದ ಒಂದೊಂದೇ ಹಲ್ಲನ್ನು ಬೆರಳಿಂದ ಮುಟ್ಟುತ್ತ ಬಂದೆ. ಒಂದು ಚೂಪು, ಎರಡು ಚೂಪು, ಮೂರು ಚೂಪು. ನಾಲ್ಕನೆಯದರ ಅಂಚು ನನ್ನ ಬೆರಳಿಗೆ ಕಾಸಿನ ಅಂಚಿನಷ್ಟು ದಪ್ಪವಾಗಿ ಸಿಕ್ಕಿತು. ತಲೆಯೆತ್ತಿ ನೋಡಿದರೆ ಬಸ್ಸು ತಿರುವು ದಾಟುತ್ತಿತ್ತು. ನಾನು ಹುಲ್ಲಿನ ಮೇಲೆ ಕೂತು ಅರದಿಂದ ಹಲ್ಲು ಮಸೆಯತೊಡಗಿದೆ.